ಹಿಡಿದಿಟ್ಟರೆ ಸಾಲದು, ದಾಟಿಸಲೂಬೇಕು: ಜಿಯೋಲೈಟ್ ಒಳಗೆ ಬೆಂಜೀನ್ ಬಳಗದ ನಡಿಗೆ

ಪ್ಯಾರಾ-ಕ್ಸೈಲೀನ್ ಕುದಿಯುವುದು 138.4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಒಡಹುಟ್ಟು ಮೆಟಾ-ಕ್ಸೈಲೀನ್ 139.1 ಡಿಗ್ರಿಯಲ್ಲಿ. ನಡುವೆ ಒಂದು ಡಿಗ್ರಿಯ ಅಂತರವೂ ಇಲ್ಲ. ಎರಡೂ ಬೆಂಜೀನಿನ ಇಂಗಾಲದ ಉಂಗುರಕ್ಕೆ ಎರಡು ಮೀಥೈಲ್ ಬಾಲ ಅಂಟಿದ ಅಣುಗಳು, ಬಾಲ ಕೂತ ಜಾಗ ಮಾತ್ರ ಬೇರೆ. ಎರಡೂ ಬೆರೆತು ಬಂದರೆ ಬೇರೆ ಮಾಡುವುದು ಹೇಗೆ? ಕುದಿಸಿ, ಆವಿಯನ್ನು ತಣಿಸಿ, ಮತ್ತೆ ಕುದಿಸುವ ಬಟ್ಟಿ ಇಳಿಸುವ ದಾರಿ ಇಲ್ಲಿ ಕೈಕೊಡುತ್ತದೆ. ಹಾಗಂತ ಬಿಡುವ ಹಾಗೂ ಇಲ್ಲ. ಪಾಲಿಯೆಸ್ಟರ್ ಬಟ್ಟೆಗೆ, ಪೆಟ್ ಬಾಟಲಿಗೆ ಬೇಕಾದ ಟೆರೆಫ್ತಾಲಿಕ್ ಆಮ್ಲವನ್ನು ಕಾರ್ಖಾನೆಗಳು ತಯಾರಿಸುವುದು ಪ್ಯಾರಾ ರೂಪದಿಂದಲೇ. ಇವತ್ತು ಜಗತ್ತಿನ ದೊಡ್ಡ ಕಾರ್ಖಾನೆಗಳಲ್ಲಿ ಈ ಬೇರ್ಪಡಿಸುವ ಕೆಲಸವನ್ನು ಬಹುಪಾಲು ಮಾಡುತ್ತಿರುವುದು ಜಿಯೋಲೈಟ್ ಎಂಬ ತೂತುತೂತಾದ ಹರಳು.

ಈ ಹರಳಿನ ಬಗ್ಗೆ ಈಗ ಮಾತು ಜಾಸ್ತಿಯಾಗಿದೆ. ಅದಕ್ಕೆ ಕಾರಣವೂ ಇದೆ. ಡೇವಿಡ್ ಶೋಲ್ ಮತ್ತು ರಯಾನ್ ಲೈವ್ಲಿ ಎಂಬ ಇಬ್ಬರು ವಿಜ್ಞಾನಿಗಳು 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಜಗತ್ತಿನ ದಿಕ್ಕು ಬದಲಿಸಬಲ್ಲ ಏಳು ಬೇರ್ಪಡಿಕೆಗಳನ್ನು ಅದರಲ್ಲಿ ಪಟ್ಟಿ ಮಾಡಿದ್ದರು. ಬೆಂಜೀನ್ ಬಳಗದ ಅಣುಗಳನ್ನು ಒಂದರಿಂದ ಒಂದು ಬೇರೆ ಮಾಡುವುದು ಅವುಗಳಲ್ಲಿ ಒಂದು. ಬಟ್ಟಿ ಇಳಿಸುವಂಥ ಬೇರ್ಪಡಿಕೆಯ ಕೆಲಸಗಳು ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಶೇಕಡಾ 10ರಿಂದ 15ರಷ್ಟನ್ನು ನುಂಗುತ್ತವೆ ಎಂದು ಅವರು ಲೆಕ್ಕ ಕೊಟ್ಟರು. ಬೆಂಜೀನ್ ಬಳಗದ ಪಾಲೇ ಸುಮಾರು 50 ಗಿಗಾವ್ಯಾಟ್. ಇದರ ಜೊತೆಗೆ ಪ್ಲಾಸ್ಟಿಕ್ ಕಸದಿಂದ ಮತ್ತೆ ಬೆಂಜೀನ್, ಟಾಲುಯೀನ್ (ಒಂದೇ ಬಾಲ ಇರುವ ಬೆಂಜೀನ್) ತೆಗೆಯುವ ಪ್ರಯತ್ನಗಳು ನಡೆದಿವೆ. ಬಣ್ಣ, ಅಂಟು, ಇಂಧನದಿಂದ ಗಾಳಿಗೆ ಸೇರುವ ಬೆಂಜೀನನ್ನು ಹಿಡಿಯುವ ಸಾಧನಗಳೂ ಬರುತ್ತಿವೆ. ಎಲ್ಲದರ ಒಳಗೂ ಜಿಯೋಲೈಟ್ ಇದೆ.

ಹೊಸ ವಸ್ತುವೊಂದು ಬಂದಾಗ ಮೊದಲು ಕೇಳಿಬರುವ ಅಂಕಿ ಒಂದೇ: ಒಂದು ಗ್ರಾಂ ಪುಡಿ ಎಷ್ಟು ಬೆಂಜೀನ್ ಹಿಡಿಯುತ್ತದೆ? ಈ ಪ್ರಶ್ನೆ ತಪ್ಪಲ್ಲ, ಅರ್ಧ ಮಾತ್ರ. ಹಿಡಿದ ಅಣು ಒಳಗೆ ಎಷ್ಟು ಬೇಗ ಸಾಗುತ್ತದೆ, ಎಷ್ಟು ಬೇಗ ಹೊರಗೆ ಬರುತ್ತದೆ ಎನ್ನುವುದು ಉಳಿದರ್ಧ. ಕಾರ್ಖಾನೆಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಈ ಉಳಿದರ್ಧದಲ್ಲಿ ಎಂದು ನಾನು ನಂಬುತ್ತೇನೆ. ಯಾಕೆ ಅಂತ ನೋಡೋಣ.

ಕುದಿಯುವ ಕಲ್ಲು

1756ರಲ್ಲಿ ಸ್ವೀಡನ್ನಿನ ಖನಿಜ ವಿಜ್ಞಾನಿ ಆಕ್ಸೆಲ್ ಕ್ರೋನ್‌ಸ್ಟೆಡ್ ಒಂದು ಖನಿಜವನ್ನು ಬೆಂಕಿಗೆ ಹಿಡಿದ. ಕಲ್ಲು ನೊರೆಗರೆದು ಆವಿ ಬಿಟ್ಟಿತು. ಒಳಗೆ ಸೇರಿಕೊಂಡಿದ್ದ ನೀರು ಹೊರಬರುತ್ತಿತ್ತು. ಗ್ರೀಕ್ ಭಾಷೆಯಲ್ಲಿ 'ಜಿಯೋ' ಎಂದರೆ ಕುದಿ, 'ಲಿಥೋಸ್' ಎಂದರೆ ಕಲ್ಲು. ಹೆಸರು ಅಲ್ಲಿಂದ ಬಂತು. ಆ ನೀರು ಹೋದ ಮೇಲೂ ಕಲ್ಲಿನ ಹಂದರ ಕುಸಿಯುವುದಿಲ್ಲ. ನೀರಿದ್ದ ಜಾಗ ಖಾಲಿಯಾಗಿ ಉಳಿಯುತ್ತದೆ. ಈ ಖಾಲಿ ಜಾಗವೇ ಜಿಯೋಲೈಟ್‌ನ ಬಂಡವಾಳ.

ಹಂದರ ಕಟ್ಟಿರುವುದು ಸರಳ ತುಂಡುಗಳಿಂದ. ಒಂದು ಸಿಲಿಕಾನ್ ಪರಮಾಣು, ಸುತ್ತ ನಾಲ್ಕು ಆಮ್ಲಜನಕ. ಇಂಥ ನಾಲ್ಮೂಲೆಯ ತುಂಡುಗಳು ತುದಿಗೆ ತುದಿ ಸೇರಿ ಉಂಗುರ, ಉಂಗುರ ಸೇರಿ ಗೂಡು, ಗೂಡು ಸೇರಿ ಹರಳು. ಕೆಲವು ಕಡೆ ಸಿಲಿಕಾನ್ ಬದಲು ಅಲ್ಯೂಮಿನಿಯಂ ಕೂತಿರುತ್ತದೆ. ಅಲ್ಲಿ ಹಂದರಕ್ಕೆ ಒಂದು ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಬೇರಿಯಂ ಅಥವಾ ಹೈಡ್ರೋಜನ್ ಅಯಾನು ಪಕ್ಕದಲ್ಲಿ ನಿಲ್ಲುತ್ತದೆ. ಈ ಅಯಾನುಗಳನ್ನು ಬದಲಾಯಿಸಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಜೀನ್ ಬಳಗದ ಮಟ್ಟಿಗೆ ಎರಡು ಹಂದರಗಳು ಮುಖ್ಯ. ಒಂದು ಫೌಜಸೈಟ್. ಎಕ್ಸ್ ಮತ್ತು ವೈ ಎಂಬ ಜಿಯೋಲೈಟ್‌ಗಳು ಈ ಹಂದರದವು. ಇದರ ದೊಡ್ಡ ಗೂಡಿನ ಅಗಲ ಸುಮಾರು 12 ಆಂಗ್‌ಸ್ಟ್ರಾಮ್. ಗೂಡಿನಿಂದ ಗೂಡಿಗೆ ಹೋಗುವ ಕಿಂಡಿ 7.4 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ. ಇನ್ನೊಂದು ಹಂದರ ಜೆಡ್‌ಎಸ್‌ಎಂ-5, ಮೊಬಿಲ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದರ ಪೇಟೆಂಟ್ 1972ರದು. ಇದರಲ್ಲಿ ಗೂಡುಗಳಿಲ್ಲ, ಸುರಂಗಗಳಿವೆ. ಒಂದು ಜಾತಿಯವು ನೇರ, ಇನ್ನೊಂದು ಜಾತಿಯವು ಹಾವಿನಂತೆ ಅಂಕುಡೊಂಕು. ಎರಡೂ ಒಂದನ್ನೊಂದು ಅಡ್ಡ ಹಾಯುತ್ತವೆ. ಸುರಂಗದ ಅಗಲ ಸುಮಾರು 5.5 ಆಂಗ್‌ಸ್ಟ್ರಾಮ್. ಅಡ್ಡ ಹಾಯುವ ಕೂಡುಗಳಲ್ಲಿ ಜಾಗ ಇನ್ನಷ್ಟು ಸಡಿಲ. ಅಲ್ಯೂಮಿನಿಯಂ ಇಲ್ಲದೆ ಬರೀ ಸಿಲಿಕಾದಿಂದ ಇದೇ ಹಂದರ ಕಟ್ಟಿದರೆ ಅದಕ್ಕೆ ಸಿಲಿಕಲೈಟ್ ಎನ್ನುತ್ತಾರೆ.

ಈಗ ಅಣುವಿನ ಕಡೆ ನೋಡಿ. ಬೆಂಜೀನ್ ಒಂದು ಚಪ್ಪಟೆ ಬಿಲ್ಲೆ. ಅದರ ಚಲನ ವ್ಯಾಸ, ಅಂದರೆ ಕಿಂಡಿ ದಾಟುವಾಗ ಲೆಕ್ಕಕ್ಕೆ ಬರುವ ಅಗಲದ ಅಂದಾಜು, 5.85 ಆಂಗ್‌ಸ್ಟ್ರಾಮ್ ಎಂದು ಪಟ್ಟಿಗಳು ಹೇಳುತ್ತವೆ. ಪ್ಯಾರಾ-ಕ್ಸೈಲೀನ್‌ಗೂ ಅಷ್ಟೇ. ಅದರ ಎರಡು ಬಾಲಗಳು ಎದುರುಬದುರು ಇರುವುದರಿಂದ ಅಣು ಉದ್ದವಾಗುತ್ತದೆ, ದಪ್ಪ ಆಗುವುದಿಲ್ಲ. ಆರ್ಥೋ ಮತ್ತು ಮೆಟಾ ಕ್ಸೈಲೀನ್‌ಗಳ ಬಾಲಗಳು ಪಕ್ಕಕ್ಕೆ ಚಾಚಿವೆ. ಅವುಗಳ ವ್ಯಾಸ 6.8.

5.85ರ ಅಣು 5.5ರ ಸುರಂಗಕ್ಕೆ ಹೇಗೆ ಹೋಗುತ್ತದೆ? ಹೋಗುತ್ತದೆ, ಅದೂ ಸಲೀಸಾಗಿಯೇ. ಒಂದು ಕಾರಣ, ಅಣು ಚೆಂಡಲ್ಲ, ಬಿಲ್ಲೆ; ಓರೆಯಾಗಿ ನುಸುಳುತ್ತದೆ. ಎರಡನೆಯ ಕಾರಣ ಹಂದರವೇ. ನಾವು ಚಿತ್ರದಲ್ಲಿ ನೋಡುವ ಗಟ್ಟಿ ಕೊಳವೆ ನಿಜದಲ್ಲಿ ಇಲ್ಲ. ಪರಮಾಣುಗಳು ಸದಾ ಅಲುಗುತ್ತಿರುತ್ತವೆ. ಕಿಂಡಿ ಉಸಿರಾಡಿದ ಹಾಗೆ ಹಿಗ್ಗಿ ಕುಗ್ಗುತ್ತದೆ. ಅಣು ಸರಿಯಾದ ಕ್ಷಣ ಸಿಕ್ಕಾಗ ದಾಟುತ್ತದೆ. ಹಾಗಾಗಿ ಜಿಯೋಲೈಟನ್ನು ಬರೀ ಜರಡಿ ಎಂದು ವಿವರಿಸಿದರೆ ಓದುಗರಿಗೆ ಅರ್ಧ ಸತ್ಯ ಕೊಟ್ಟ ಹಾಗೆ.

ಹಿಡಿತ

ಅನಿಲದ ಅಥವಾ ದ್ರವದ ಅಣು ಗಟ್ಟಿ ವಸ್ತುವಿನ ಮೇಲ್ಮೈಗೆ ಅಂಟಿಕೊಳ್ಳುವುದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಸ್ಪಂಜು ನೀರು ಹೀರಿದ ಹಾಗೆ ಅಲ್ಲ ಇದು. ಗೋಡೆಗೆ ಅಂಟುವುದು. ಜಿಯೋಲೈಟ್‌ನಲ್ಲಿ ವಿಶೇಷ ಏನೆಂದರೆ ಗೋಡೆ ಎಲ್ಲ ಕಡೆಯೂ ಇದೆ. ಸುರಂಗದ ಅಗಲವೂ ಅಣುವಿನ ಅಗಲವೂ ಹತ್ತಿರ ಹತ್ತಿರ ಇರುವುದರಿಂದ ಬೆಂಜೀನನ್ನು ಸುತ್ತಲಿನ ಆಮ್ಲಜನಕಗಳೆಲ್ಲ ಒಟ್ಟಿಗೆ ಸೆಳೆಯುತ್ತವೆ. ಒಂದೊಂದರ ಸೆಳೆತ ಬಡಕಲು, ಆದರೆ ಕೂಡಿದರೆ ದೊಡ್ಡದು. ದ್ರವ ಬೆಂಜೀನನ್ನು ಆವಿಯಾಗಿಸಲು ಒಂದು ಮೋಲ್‌ಗೆ ಸುಮಾರು 34 ಕಿಲೋಜೂಲ್ ಸಾಕು. ಸಿಲಿಕಲೈಟ್‌ನಿಂದ ಅದನ್ನು ಬಿಡಿಸಲು 50ರಿಂದ 60 ಬೇಕು.

ಅಯಾನುಗಳಿರುವ ಹಂದರದಲ್ಲಿ ಹಿಡಿತ ಇನ್ನೂ ಬಿಗಿ. ಬೆಂಜೀನ್ ಬಿಲ್ಲೆಯ ಮೇಲೂ ಕೆಳಗೂ ಇಲೆಕ್ಟ್ರಾನ್‌ಗಳ ಮೋಡ ಇದೆ. ಧನ ಅಯಾನು ಆ ಮೋಡವನ್ನು ಸೆಳೆಯುತ್ತದೆ. ಸೋಡಿಯಂ ವೈ ಜಿಯೋಲೈಟ್‌ನಲ್ಲಿ ಬೆಂಜೀನ್ ಎಲ್ಲಿ ಕೂರುತ್ತದೆ ಎನ್ನುವುದನ್ನು 1986ರಲ್ಲಿ ನ್ಯೂಟ್ರಾನ್ ಕಿರಣಗಳ ಸಹಾಯದಿಂದ ಕಂಡುಕೊಂಡರು. ಎರಡು ಜಾಗ ಸಿಕ್ಕವು. ಒಂದು, ಸೋಡಿಯಂ ಅಯಾನಿನ ಎದುರು, ಬಿಲ್ಲೆಯ ಮುಖವನ್ನು ಅದಕ್ಕೆ ಒಡ್ಡಿಕೊಂಡು. ಇನ್ನೊಂದು, ಎರಡು ಗೂಡುಗಳ ನಡುವಿನ ಕಿಂಡಿಯಲ್ಲೇ, ಬಾಗಿಲ ಚೌಕಟ್ಟಿನಲ್ಲಿ ಕೂತ ಹಾಗೆ. ಬಾಗಿಲಲ್ಲಿ ಕೂತವನನ್ನು ದಾಟಿ ಬೇರೆಯವರು ಹೋಗಬೇಕಲ್ವಾ? ಹಿಡಿತದ ಕಥೆ ನಡಿಗೆಯ ಕಥೆಗೆ ತಳುಕು ಹಾಕಿಕೊಳ್ಳುವುದು ಇಂಥ ಕಡೆ.

ಅತಿಥಿ ಬಂದರೆ ಮನೆಯೂ ಬದಲಾಗುತ್ತದೆ. ಸಿಲಿಕಲೈಟ್ ಹರಳಿನ ಒಂದು ಘಟಕದಲ್ಲಿ ನಾಲ್ಕು ಕೂಡುಗಳಿವೆ. ಪ್ಯಾರಾ-ಕ್ಸೈಲೀನ್ ಒತ್ತಡವನ್ನು ನಿಧಾನ ಏರಿಸುತ್ತಾ ಹೋದರೆ ಮೊದಲು ಘಟಕಕ್ಕೆ ನಾಲ್ಕು ಅಣು ಬಂದು ಕೂರುತ್ತವೆ. ಆಮೇಲೆ ಅಣುಗಳ ಸಂಖ್ಯೆ ತೋರಿಸುವ ನಕ್ಷೆಯ ಗೆರೆ ಸ್ವಲ್ಪ ಹೊತ್ತು ಸಪಾಟು. ಒತ್ತಡ ಇನ್ನೂ ಏರಿದಾಗ ಒಮ್ಮೆಲೇ ಮೇಲಕ್ಕೆ ನೆಗೆದು ಎಂಟಕ್ಕೆ ಬಂದು ನಿಲ್ಲುತ್ತದೆ. ಆ ನೆಗೆತದ ಹೊತ್ತಿನಲ್ಲಿ ಹಂದರದ ಸಮ್ಮಿತಿಯೇ ಬದಲಾಗಿರುತ್ತದೆ. ಕ್ಷ-ಕಿರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಕಲ್ಲು ಜಾಗ ಮಾಡಿಕೊಡುತ್ತದೆ ಎಂದರೆ ಇಲ್ಲಿ ಅದು ಮಾತಿನ ಅಲಂಕಾರವಲ್ಲ, ಅಳೆದು ನೋಡಿದ ಸಂಗತಿ.

ಈಗ ಶುರುವಿನಲ್ಲಿ ಹೇಳಿದ ಕ್ಸೈಲೀನ್ ಬೇರ್ಪಡಿಕೆಗೆ ಬರೋಣ. ಮೊದಲೆಲ್ಲ ಇದನ್ನು ಹೆಪ್ಪುಗಟ್ಟಿಸಿ ಮಾಡುತ್ತಿದ್ದರು. ಪ್ಯಾರಾ 13 ಡಿಗ್ರಿಯಲ್ಲೇ ಗಟ್ಟಿಯಾಗುತ್ತದೆ, ಮೆಟಾ ಗಟ್ಟಿಯಾಗಲು ಸೊನ್ನೆಯ ಕೆಳಗೆ 48 ಡಿಗ್ರಿ ಬೇಕು. ಉಪಾಯ ಚೆನ್ನಾಗಿದೆ. ಆದರೆ ಸುಮಾರು ಮೂರನೇ ಎರಡು ಭಾಗ ಪ್ಯಾರಾ ಸಿಕ್ಕುವ ಹೊತ್ತಿಗೆ ಉಳಿದವೂ ಜೊತೆಗೆ ಹೆಪ್ಪುಗಟ್ಟಲು ಶುರು ಮಾಡುತ್ತವೆ. 1971ರಲ್ಲಿ ಯುಒಪಿ ಕಂಪನಿಯ ಪ್ಯಾರೆಕ್ಸ್ ವಿಧಾನ ಬಂತು. ಎಕ್ಸ್ ಅಥವಾ ವೈ ಜಿಯೋಲೈಟ್ ತುಂಬಿದ 24 ಪದರಗಳ ಸಾಲು. ದ್ರವ ಸುತ್ತುತ್ತಿರುತ್ತದೆ, ಒಳಬಿಡುವ ಮತ್ತು ಹೊರತೆಗೆಯುವ ಜಾಗಗಳು ಹೊತ್ತುಹೊತ್ತಿಗೆ ಒಂದೊಂದು ಪದರ ಮುಂದೆ ಸರಿಯುತ್ತವೆ. ಜಿಯೋಲೈಟ್ ಕೂತಲ್ಲೇ ಇದ್ದರೂ ಅದೇ ಎದುರು ದಿಕ್ಕಿಗೆ ಹರಿದ ಹಾಗೆ ಕೆಲಸ ನಡೆಯುತ್ತದೆ. ಹೊರಬರುವ ಪ್ಯಾರಾ ಶೇಕಡಾ 99.7ಕ್ಕಿಂತ ಶುದ್ಧ. ಒಂದೇ ಸುತ್ತಿನಲ್ಲಿ ಶೇಕಡಾ 97ರಷ್ಟು ಕೈಸೇರುತ್ತದೆ.

ಬಹಳ ಜನ ಇದನ್ನು ಗಾತ್ರದ ಆಟ ಎಂದುಕೊಳ್ಳುತ್ತಾರೆ. ಅಲ್ಲ. 7.4ರ ಕಿಂಡಿಯಲ್ಲಿ ಮೂರು ಕ್ಸೈಲೀನ್‌ಗಳೂ ಆರಾಮವಾಗಿ ತೂರುತ್ತವೆ. ಆಯ್ಕೆ ನಡೆಯುವುದು ಗೂಡಿನ ಒಳಗೆ, ಅದೂ ಗೂಡು ತುಂಬಿ ಇಕ್ಕಟ್ಟಾದಾಗ. ಯಾವ ಅಣು ಅಯಾನಿನ ಪಕ್ಕ ಚೆನ್ನಾಗಿ ಜೋಡಿಸಿಕೊಂಡು ಕೂರಬಲ್ಲದೋ ಅದಕ್ಕೆ ಜಾಗ. ಅಚ್ಚರಿ ಇಲ್ಲಿದೆ: ಸೋಡಿಯಂ ಇರುವ ವೈ ಜಿಯೋಲೈಟ್ ಮೆಟಾವನ್ನು ಇಷ್ಟಪಡುತ್ತದೆ. ಸೋಡಿಯಂ ತೆಗೆದು ಬೇರಿಯಂ, ಪೊಟ್ಯಾಸಿಯಂ ಹಾಕಿದರೆ ಪ್ಯಾರಾ ಕಡೆ ವಾಲುತ್ತದೆ. ಹಂದರ ಅದೇ, ಕಿಂಡಿ ಹೆಚ್ಚುಕಮ್ಮಿ ಅದೇ, ಒಲವು ಮಾತ್ರ ತಿರುಗಿತು. ಒಳಗೆ ಉಳಿದ ಚೂರು ನೀರಿನ ಪ್ರಮಾಣವನ್ನೂ ಹುಷಾರಾಗಿ ಕಾಯುತ್ತಾರೆ. ಅದು ಹೆಚ್ಚಾದರೂ ಕಡಿಮೆಯಾದರೂ ಆಯ್ಕೆಯ ಜಾಣತನ ಕೆಡುತ್ತದೆ.

ನಡಿಗೆ

ಅಂಟಿದ ಅಣು ಸುಮ್ನೆ ಕೂರುವುದಿಲ್ಲ. ಕೂತಲ್ಲೇ ನಡುಗುತ್ತದೆ, ತಿರುಗುತ್ತದೆ. ಆಗೀಗ ಸಾಕಷ್ಟು ಶಕ್ತಿ ಒದಗಿದಾಗ ಪಕ್ಕದ ಜಾಗಕ್ಕೆ ನೆಗೆಯುತ್ತದೆ. ಮುಂದಕ್ಕೇ ಹೋಗಬೇಕೆಂಬ ಗುರಿ ಅದಕ್ಕಿಲ್ಲ. ಹಿಂದೆ, ಮುಂದೆ, ಮತ್ತೆ ಹಿಂದೆ. ಇಂಥ ಲಕ್ಷಾಂತರ ನೆಗೆತಗಳ ಒಟ್ಟು ಫಲವೇ ವಿಸರಣೆ. ತೆರೆದ ಗಾಳಿಯಲ್ಲಿ ಅಣು ಅಣುವಿಗೆ ಡಿಕ್ಕಿ ಹೊಡೆಯುತ್ತದೆ. ಇಲ್ಲಿ ಅದು ಗೋಡೆಯ ಸೆಳೆತದಿಂದ ಒಂದು ಕ್ಷಣವೂ ಬಿಡುಗಡೆ ಪಡೆಯುವುದಿಲ್ಲ. ಹಾಗಾಗಿ ಅಣುವಿನ ಆಕಾರದಲ್ಲಿ ಚೂರು ವ್ಯತ್ಯಾಸವಾದರೂ ನಡಿಗೆಯ ವೇಗ ಸಾವಿರ ಪಟ್ಟು ಬದಲಾಗಬಹುದು.

ಹಿಡಿತ ಮತ್ತು ನಡಿಗೆ ಎಷ್ಟು ಜಗ್ಗಾಡುತ್ತವೆ ಎನ್ನುವುದಕ್ಕೆ ಒಂದು ಲೆಕ್ಕ ಮಾಡೋಣ. ನೆಗೆತಕ್ಕೆ ಇರುವ ತಡೆ ಮೋಲ್‌ಗೆ 30 ಕಿಲೋಜೂಲ್, ಹಿಡಿತ 55 ಎಂದಿಟ್ಟುಕೊಳ್ಳಿ. ಉಷ್ಣತೆಯನ್ನು 27 ಡಿಗ್ರಿಯಿಂದ 327 ಡಿಗ್ರಿಗೆ ಏರಿಸೋಣ. ನಡಿಗೆ ಸುಮಾರು 400 ಪಟ್ಟು ಚುರುಕಾಗುತ್ತದೆ. ಖುಷಿಯ ವಿಷಯ. ಆದರೆ ಹಿಡಿತ ಸುಮಾರು 60,000 ಪಟ್ಟು ಸಡಿಲವಾಗುತ್ತದೆ. ಬಿಸಿ ಮಾಡಿದರೆ ಅಣು ಓಡುತ್ತದೆ, ಆದರೆ ಒಳಗೆ ಓಡಲು ಅಣುವೇ ಉಳಿದಿರುವುದಿಲ್ಲ. ತಣ್ಣಗಿಟ್ಟರೆ ಮನೆ ತುಂಬಾ ಅಣು, ಒಂದೂ ಕದಲುವುದಿಲ್ಲ. ಪ್ರತಿ ಬೇರ್ಪಡಿಕೆಯೂ ಈ ಎರಡರ ನಡುವೆ ಒಂದು ಜಾಗ ಹುಡುಕಿಕೊಳ್ಳಬೇಕು.

ಇನ್ನೊಂದು ಲೆಕ್ಕ ದೂರದ್ದು. ವಿಸರಣೆಯಲ್ಲಿ ದೂರ ಹತ್ತು ಪಟ್ಟಾದರೆ ಹೊತ್ತು ನೂರು ಪಟ್ಟಾಗುತ್ತದೆ. ಅಣು ಅಲೆಯುತ್ತಾ ಹೋಗುವುದರಿಂದ ಹೀಗೆ. ಕೋಣೆಯ ಉಷ್ಣತೆಯ ಹತ್ತಿರ ಸಿಲಿಕಲೈಟ್ ಒಳಗೆ ಬೆಂಜೀನ್ ವಿಸರಣೆಯ ದರವನ್ನು ಸೆಕೆಂಡಿಗೆ ಒಂದು ಚದರ ಮೈಕ್ರೋಮೀಟರಿನ ನೂರನೇ ಒಂದು ಭಾಗ ಎಂದು ಹಿಡಿಯಿರಿ. ಅಳತೆಗಳು ಈ ಆಸುಪಾಸಿನಲ್ಲೇ ಬರುತ್ತವೆ. ಆಗ 10 ಮೈಕ್ರೋಮೀಟರ್ ದೂರ ದಾಟಲು ಬೇಕಾಗುವುದು 10,000 ಸೆಕೆಂಡು. ಹತ್ತಿರ ಹತ್ತಿರ ಮೂರು ಗಂಟೆ! ಒಂದು ಮೈಕ್ರೋಮೀಟರ್ ಆದರೆ 100 ಸೆಕೆಂಡು. 100 ನ್ಯಾನೋಮೀಟರ್ ಆದರೆ ಒಂದೇ ಸೆಕೆಂಡು. ವಸ್ತು ಅದೇ, ಅಣು ಅದೇ, ಗ್ರಾಂಗೆ ಹಿಡಿಯುವ ಪ್ರಮಾಣವೂ ಅದೇ. ಹರಳಿನ ಗಾತ್ರ ಒಂದು ಬದಲಾಯಿತು, ಮೂರು ಗಂಟೆಯ ಕೆಲಸ ಒಂದು ಸೆಕೆಂಡಿಗೆ ಇಳಿಯಿತು. ಹಿಡಿಯುವ ಪ್ರಮಾಣದ ಅಂಕಿ ಒಂದನ್ನೇ ನಂಬಬೇಡಿ ಎಂದು ನಾನು ಪಟ್ಟು ಹಿಡಿಯುವುದು ಇದಕ್ಕೇ.

ಕೆಲವು ಹಂದರಗಳಲ್ಲಿ ಸುರಂಗಗಳು ಒಂದಕ್ಕೊಂದು ಕೂಡುವುದೇ ಇಲ್ಲ. ಒಂದೇ ದಾರಿ, ಒಬ್ಬರನ್ನು ಒಬ್ಬರು ದಾಟುವಂತಿಲ್ಲ. ಅಲ್ಲಿ ಲೆಕ್ಕ ಇನ್ನೂ ಕಠಿಣ. ಎರಡು ಪಟ್ಟು ದೂರಕ್ಕೆ ಮಾಮೂಲಿ ನಾಲ್ಕು ಪಟ್ಟಿನ ಬದಲು ಹದಿನಾರು ಪಟ್ಟು ಹೊತ್ತು ಬೇಕು. ಒಂದು ಅಣು ಎಲ್ಲೋ ಸಿಕ್ಕಿಕೊಂಡರೆ ಹಿಂದಿನವೆಲ್ಲ ನಿಂತವು.

ಗಾತ್ರ ಹೆಚ್ಚಿದಷ್ಟೂ ನಡಿಗೆ ನಿಧಾನ ಎನ್ನುವುದು ಸಹಜ ಊಹೆ. ಅದೂ ಯಾವಾಗಲೂ ನಿಜವಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಯಶೋನಾಥ್ ಮತ್ತು ಅವರ ಜೊತೆಯವರು 1990ರ ದಶಕದಲ್ಲಿ ಕಂಪ್ಯೂಟರ್ ಲೆಕ್ಕಗಳಿಂದ ಒಂದು ಸಂಗತಿ ತೋರಿಸಿದರು. ಅಣುವಿನ ಗಾತ್ರ ಕಿಂಡಿಯ ಗಾತ್ರಕ್ಕೆ ಹತ್ತಿರ ಬಂದಾಗ ವೇಗ ಕುಸಿಯುವ ಬದಲು ಒಮ್ಮೆ ಏರುತ್ತದೆ. ಎಲ್ಲ ದಿಕ್ಕಿನ ಸೆಳೆತವೂ ಸಮವಾಗಿ ಒಂದನ್ನೊಂದು ಅಳಿಸಿಹಾಕುವುದರಿಂದ ಅಣು ತೇಲಿದ ಹಾಗೆ ಸಾಗುತ್ತದೆ. ಇದಕ್ಕೆ ತೇಲು ಪರಿಣಾಮ ಎನ್ನಬಹುದು. ಎಷ್ಟು ಸೊಗಸಾದ ಯೋಚನೆ ಎಂದು ನನಗೆ ಈಗಲೂ ಅನಿಸುತ್ತದೆ.

ನಿಧಾನವೇ ಗೆಳೆಯ, ನಿಧಾನವೇ ಶತ್ರು

ಜೆಡ್‌ಎಸ್‌ಎಂ-5 ಒಳಗೆ ಆಮ್ಲ ಗುಣದ ತಾಣಗಳಿವೆ. ಅಲ್ಲಿ ಟಾಲುಯೀನ್ ಅಣುಗಳು ಒಂದರ ಬಾಲ ಇನ್ನೊಂದಕ್ಕೆ ಕೊಟ್ಟು ಬೆಂಜೀನ್ ಮತ್ತು ಕ್ಸೈಲೀನ್ ಆಗುತ್ತವೆ. ಅದರ ಪಾಡಿಗೆ ಬಿಟ್ಟರೆ ಆಗುವ ಕ್ಸೈಲೀನ್‌ನಲ್ಲಿ ಅರ್ಧದಷ್ಟು ಮೆಟಾ, ಸುಮಾರು ಕಾಲು ಭಾಗ ಮಾತ್ರ ಪ್ಯಾರಾ. ಸುರಂಗದ ಒಳಗೆ ಈ ಲೆಕ್ಕ ತಲೆಕೆಳಗಾಗುತ್ತದೆ. ಪ್ಯಾರಾ ಉಳಿದೆರಡಕ್ಕಿಂತ ಸುಮಾರು ಸಾವಿರ ಪಟ್ಟು ಬೇಗ ಸಾಗುತ್ತದೆ. ಹುಟ್ಟಿದ ಪ್ಯಾರಾ ಹೊರಗೆ ಓಡಿಬಿಡುತ್ತದೆ. ಮೆಟಾ, ಆರ್ಥೋ ಒಳಗೇ ತಡಕಾಡುತ್ತವೆ. ತಡಕಾಡುತ್ತಾ ಆಮ್ಲ ತಾಣಕ್ಕೆ ಮತ್ತೆ ಸಿಕ್ಕಿ ರೂಪ ಬದಲಿಸುತ್ತವೆ. ಪ್ಯಾರಾ ಆದವು ಆಚೆ ಹೋಗುತ್ತವೆ. ಹೀಗೆ ಹೊರಬರುವ ಕ್ಸೈಲೀನ್‌ನಲ್ಲಿ ಪ್ಯಾರಾ ಪಾಲು ಶೇಕಡಾ 80, 90 ದಾಟುವಂತೆ ಮಾಡಬಹುದು.

ಇಲ್ಲಿ ಬೇಕಿರುವುದು ದೊಡ್ಡ ಹರಳು, ಉದ್ದದ ದಾರಿ, ತಡವಾಗುವ ನಡಿಗೆ. ಹರಳಿನ ಹೊರಮೈ ಮೇಲಿನ ಆಮ್ಲ ತಾಣಗಳನ್ನು ಸಿಲಿಕಾ ಬಳಿದು ಮುಚ್ಚುತ್ತಾರೆ ಕೂಡ. ಇಲ್ಲದಿದ್ದರೆ ಕಷ್ಟಪಟ್ಟು ಹೊರಬಂದ ಪ್ಯಾರಾ ಬಾಗಿಲ ಬಳಿಯೇ ಮತ್ತೆ ಮೆಟಾ ಆಗಿಬಿಡುತ್ತದೆ.

ಈಗ ಇದೇ ಜೆಡ್‌ಎಸ್‌ಎಂ-5ಅನ್ನು ಪ್ಲಾಸ್ಟಿಕ್ ಕಸದ ಮುಂದೆ ನಿಲ್ಲಿಸಿ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ಗಳನ್ನು ಗಾಳಿ ಇಲ್ಲದೆ ಕಾಯಿಸಿದರೆ ಉದ್ದ ಸರಪಳಿಗಳು ಮುರಿದು ಆವಿಯಾಗುತ್ತವೆ. ಆ ಆವಿ ಜಿಯೋಲೈಟ್ ಒಳಗೆ ಹೋಗಿ ಬೆಂಜೀನ್, ಟಾಲುಯೀನ್, ಕ್ಸೈಲೀನ್ ಆಗಿ ಬರಬೇಕು. ಆಗುತ್ತದೆ ಕೂಡ. ಆದರೆ ಉದ್ದದ ತುಂಡುಗಳಿಗೆ ಒಳಗೆ ನುಗ್ಗಲು ತ್ರಾಸ. ಒಳಗೆ ಹುಟ್ಟಿದ ಬೆಂಜೀನ್ ಬಳಗಕ್ಕೆ ಹೊರಬರಲು ತಡ. ತಡವಾದಷ್ಟೂ ಉಂಗುರಕ್ಕೆ ಉಂಗುರ ಬೆಸೆದು ನ್ಯಾಫ್ತಲೀನ್, ಅದಕ್ಕಿಂತ ದೊಡ್ಡವು ಹುಟ್ಟುತ್ತವೆ. ಅವು ಸುರಂಗದಲ್ಲಿ ಹೊರಳಲೂ ಆಗದೆ ಕೂರುತ್ತವೆ. ಕೊನೆಗೆ ಮಸಿ. ದಾರಿ ಮುಚ್ಚಿತು, ಕೆಲಸ ನಿಂತಿತು. ಮಸಿ ಸುಟ್ಟು ಮತ್ತೆ ಶುರು ಮಾಡಬೇಕು. ಮೀಥೇನ್ ಅನಿಲವನ್ನು 700 ಡಿಗ್ರಿಯಲ್ಲಿ ನೇರವಾಗಿ ಬೆಂಜೀನ್ ಮಾಡುವ ವಿಧಾನ 1993ರಿಂದ ಗೊತ್ತಿದೆ. ಅದರ ದೊಡ್ಡ ಕಾಟಗಳಲ್ಲೂ ಈ ಮಸಿ ಒಂದು.

ಹಾಗಾಗಿ ಇಲ್ಲಿ ಸಣ್ಣ ಹರಳು ಬೇಕು. ಕೊರಿಯಾದ ರ್‍ಯಾಂಗ್ ರಿಯೂ ಅವರ ತಂಡ 2009ರಲ್ಲಿ ಬರೀ 2 ನ್ಯಾನೋಮೀಟರ್ ದಪ್ಪದ ಜೆಡ್‌ಎಸ್‌ಎಂ-5 ಹಾಳೆಗಳನ್ನು ಬೆಳೆಸಿ ತೋರಿಸಿತು. ಹಂದರದ ಒಂದೇ ಘಟಕದಷ್ಟು ದಪ್ಪ. ಮಸಿಯಿಂದ ಕೆಡುವುದು ತುಂಬ ನಿಧಾನವಾಯಿತು. ಇನ್ನೊಂದು ದಾರಿ, ದೊಡ್ಡ ಹರಳನ್ನು ಕ್ಷಾರದ ದ್ರಾವಣದಲ್ಲಿ ಅದ್ದಿ ಸಿಲಿಕಾನ್ ಸ್ವಲ್ಪ ಕರಗಿಸುವುದು. ಹರಳಿನ ಉದ್ದಗಲಕ್ಕೂ ಅಗಲವಾದ ತೂತುಗಳಾಗುತ್ತವೆ. ಹೆದ್ದಾರಿಯಿಂದ ಓಣಿಗೆ, ಓಣಿಯಿಂದ ಹೆದ್ದಾರಿಗೆ. ಇದು ಅಗ್ಗದ ಉಪಾಯ. ಆದರೆ ಕೈ ಜಾಸ್ತಿಯಾದರೆ ಹಂದರವೇ ಹಾಳಾಗುತ್ತದೆ. ಜೊತೆಗೆ ಹೊರಮೈ ಹೆಚ್ಚಾದಷ್ಟೂ ಪ್ಯಾರಾ ಆಯ್ಕೆ ಕಳೆದುಹೋಗುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಒಳ್ಳೆಯ ಜಿಯೋಲೈಟ್ ಇಲ್ಲ. ಕೆಲಸ ಯಾವುದು ಎಂದು ಹೇಳದೆ ವಸ್ತು ಅತ್ಯುತ್ತಮ ಎನ್ನುವ ಸುದ್ದಿಗೆ ಅರ್ಥವೂ ಇಲ್ಲ.

ಗಾಳಿ ಶುದ್ಧಿಯಲ್ಲಿ ಬೇರೆಯದೇ ಕಷ್ಟ. ಬೆಂಜೀನ್ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾದ ವಸ್ತುಗಳ ಸಾಲಿನಲ್ಲಿದೆ. ರಕ್ತದ ಕ್ಯಾನ್ಸರಿಗೆ ಅದರ ನಂಟು ಚೆನ್ನಾಗಿ ಗೊತ್ತು. ಅದನ್ನು ಹಿಡಿಯಲು ಅಯಾನು ತುಂಬಿದ ಎಕ್ಸ್ ಜಿಯೋಲೈಟ್ ಇಟ್ಟರೆ ಒಣಗಾಳಿಯಲ್ಲಿ ಸೊಗಸಾಗಿ ಕೆಲಸ ಮಾಡುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಅದೇ ಅಯಾನುಗಳನ್ನು ನೀರು ಬಂದು ಆಕ್ರಮಿಸುತ್ತದೆ. ಬೆಂಜೀನ್‌ಗೆ ಜಾಗ ಇಲ್ಲ. ಆದ್ದರಿಂದ ಅಲ್ಯೂಮಿನಿಯಂ ತೀರಾ ಕಡಿಮೆ ಇರುವ, ನೀರನ್ನು ದೂರ ಇಡುವ ಜಿಯೋಲೈಟ್ ಬೇಕು. ಅದರ ಹಿಡಿತ ಸ್ವಲ್ಪ ಸಡಿಲ, ಆದರೆ ನಂಬಬಹುದು. ಸಕ್ರಿಯ ಇದ್ದಿಲು ಅಗ್ಗ, ನಿಜ. ಆದರೆ ಬಿಸಿ ಮಾಡಿ ಮತ್ತೆ ಬಳಸುವಾಗ ಅದಕ್ಕೆ ಬೆಂಕಿ ತಗಲುವ ಭಯವಿದೆ. ಜಿಯೋಲೈಟ್ ಉರಿಯುವುದಿಲ್ಲ.

ಅಳತೆಯ ಜಗಳ

ಈ ಕ್ಷೇತ್ರದ ಒಂದು ಹಳೆಯ ಜಗಳವನ್ನು ಹೇಳಲೇಬೇಕು. ವಿಸರಣೆ ಅಳೆಯುವ ಹಳೆಯ ವಿಧಾನ ಸರಳ. ಹರಳಿನ ಪುಡಿಯನ್ನು ಬೆಂಜೀನ್ ಆವಿಗೆ ಒಡ್ಡಿ ತೂಕ ಎಷ್ಟು ಬೇಗ ಏರುತ್ತದೆ ಎಂದು ನೋಡುವುದು. 1970ರ ದಶಕದ ಶುರುವಿನಲ್ಲಿ ಲೈಪ್‌ಜಿಗ್‌ನ ಯೋರ್ಗ್ ಕೆರ್ಗರ್ ಮತ್ತು ಸಂಗಡಿಗರು ಕಾಂತೀಯ ಅನುರಣನದಿಂದ ಅಣುವಿನ ಚಲನೆಯನ್ನೇ ನೇರವಾಗಿ ಅಳೆದರು. ಅಣು ಮತ್ತು ಜಿಯೋಲೈಟ್‌ಗಳ ಕೆಲವು ಜೋಡಿಗಳಲ್ಲಿ ಎರಡು ಅಳತೆಗಳ ನಡುವೆ ಲಕ್ಷ ಪಟ್ಟಿನವರೆಗೂ ವ್ಯತ್ಯಾಸ ಬಂತು. ಯಾರು ಸರಿ?

ಸ್ವಲ್ಪ ಮಟ್ಟಿಗೆ ಇಬ್ಬರೂ ಸರಿ, ಅಳೆದದ್ದು ಬೇರೆ ಬೇರೆ. ಅಣು ಅಂಟುವಾಗ ಬಿಸಿ ಹುಟ್ಟುತ್ತದೆ. ಆ ಬಿಸಿ ಆರುವವರೆಗೆ ತೂಕ ಏರುವುದಿಲ್ಲ. ಅನೇಕರು ಅಳೆದದ್ದು ಬಿಸಿ ಆರುವ ವೇಗವನ್ನು, ಅಣು ನಡೆಯುವ ವೇಗವನ್ನಲ್ಲ. ಪುಡಿಯ ರಾಶಿಯೊಳಗೆ ಆವಿ ನುಗ್ಗುವುದಕ್ಕೂ ಹೊತ್ತು ಬೇಕು. ಇದನ್ನೆಲ್ಲ ಸರಿಪಡಿಸಲು ಎಯಿಕ್ ಮತ್ತು ಡಗ್ಲಸ್ ರುತ್‌ವೆನ್ 1988ರಲ್ಲಿ ಒಂದು ಉಪಾಯ ತಂದರು. ಚಿಟಿಕೆಗಿಂತ ಕಡಿಮೆ ಪುಡಿ, ತೆಳುವಾದ ಪದರ, ಮೇಲೆ ಜೋರಾಗಿ ಹರಿಯುವ ಶುದ್ಧ ಅನಿಲ. ಅಂತರ ಬಹಳ ಕಡೆ ಕಿರಿದಾಯಿತು. ಪೂರ್ತಿ ಹೋಗಲಿಲ್ಲ.

ಉಳಿದ ಅಂತರಕ್ಕೆ ಹರಳಿನ ಒಳಗಿನ ಬಿರುಕು, ಬೆಸುಗೆ, ತಪ್ಪು ಜೋಡಣೆಗಳು ಒಂದು ಕಾರಣ. ಕಾಂತೀಯ ವಿಧಾನ ಅಣುವನ್ನು ಒಂದೆರಡು ಮೈಕ್ರೋಮೀಟರ್ ಹಿಂಬಾಲಿಸುತ್ತದೆ ಅಷ್ಟೇ. ಆ ದಾರಿಯಲ್ಲಿ ಬಿರುಕು ಸಿಗದೇ ಇರಬಹುದು. ಇಡೀ ಹರಳು ದಾಟುವವನಿಗೆ ಸಿಕ್ಕೇ ಸಿಗುತ್ತದೆ. ಇನ್ನೊಂದು ಕಾರಣ ಹೊರಮೈ. ಹರಳಿನ ತುದಿಯಲ್ಲಿ ಸುರಂಗದ ಬಾಯಿಗಳು ಒಳಗಿದ್ದಷ್ಟು ಅಚ್ಚುಕಟ್ಟಾಗಿರುವುದಿಲ್ಲ. ಕೆಲವು ಮುಚ್ಚಿರುತ್ತವೆ, ಕೆಲವು ಕಿರಿದಾಗಿರುತ್ತವೆ.

ಕಂಪ್ಯೂಟರ್ ಲೆಕ್ಕಗಳೂ ಇಲ್ಲೇ ಎಡವುತ್ತವೆ. ಬಹಳ ವರ್ಷ ಹಂದರವನ್ನು ಅಲುಗದ ಗೋಡೆ ಎಂದು ಹಿಡಿದು ಲೆಕ್ಕ ಮಾಡುತ್ತಿದ್ದರು, ಹೊತ್ತು ಉಳಿಯಲೆಂದು. ಸಣ್ಣ ಅಣುಗಳಿಗೆ ಅದು ನಡೆಯುತ್ತದೆ. ಬಿಗಿಯಾಗಿ ಕೂರುವ ಬೆಂಜೀನ್‌ಗೆ ನಡೆಯುವುದಿಲ್ಲ. ಗೋಡೆ ಚೂರು ಹಿಗ್ಗುವುದನ್ನು ಸೇರಿಸಿದರೆ ಉತ್ತರವೇ ಬೇರೆ. ಈಗ ಯಂತ್ರಕಲಿಕೆಯಿಂದ ತಯಾರಾದ ಮಾದರಿಗಳು ಅಲುಗುವ ಹಂದರವನ್ನು ಕಡಿಮೆ ಖರ್ಚಿನಲ್ಲಿ ಲೆಕ್ಕ ಹಾಕುತ್ತಿವೆ. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ಆದರೆ ಆ ಲೆಕ್ಕಗಳೂ ಹೆಚ್ಚಾಗಿ ಕೊನೆಯಿಲ್ಲದ, ತಪ್ಪಿಲ್ಲದ ಹರಳನ್ನೇ ಊಹಿಸಿಕೊಳ್ಳುತ್ತವೆ.

ಹರಳು ಸಣ್ಣದಾದಷ್ಟೂ ಹೊರಮೈಯ ಪಾತ್ರ ದೊಡ್ಡದಾಗುತ್ತದೆ. 10 ಮೈಕ್ರೋಮೀಟರಿನ ಹರಳಿನಲ್ಲಿ ಬಾಗಿಲ ತಡೆ ಲೆಕ್ಕಕ್ಕೇ ಬರದೆ ಹೋಗಬಹುದು. 100 ನ್ಯಾನೋಮೀಟರಿಗೆ ಇಳಿಸಿದಾಗ ಒಳಗಿನ ದಾರಿ ಒಂದು ಸೆಕೆಂಡಿನದು, ಬಾಗಿಲು ದಾಟುವುದೇ ಬಹುಪಾಲು ಹೊತ್ತು. ನೂರು ಪಟ್ಟು ಸಣ್ಣ ಮಾಡಿದ ಹರಳು ಹತ್ತು ಸಾವಿರ ಪಟ್ಟು ಚುರುಕಾಗಬೇಕಿತ್ತು, ಆಗಲಿಲ್ಲ ಎಂದು ಪ್ರಯೋಗ ಮಾಡುವವರು ಮತ್ತೆ ಮತ್ತೆ ಕಾಣುವುದು ಇದಕ್ಕೇ. ಒಂದೇ ಪಾತ್ರೆಯಲ್ಲಿ ಬೆಳೆದ ಎರಡು ಹರಳುಗಳ ಹೊರಮೈ ಕೂಡ ಒಂದೇ ಥರ ಇರುವುದಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಒಂದೊಂದು ಹರಳನ್ನೂ ಬೇರೆ ಬೇರೆಯಾಗಿ ಇಟ್ಟು, ಅಣುಗಳು ಅಂಚಿನಿಂದ ನಡುವಿಗೆ ಹೇಗೆ ಹಬ್ಬುತ್ತವೆ ಎಂದು ಬೆಳಕಿನಿಂದ ನೋಡುವ ಕೆಲಸ ನಡೆಯುತ್ತಿದೆ. ಅಂಚಿನಲ್ಲಿ ಅಣುಗಳ ಪ್ರಮಾಣ ಒಮ್ಮೆಲೇ ಏರಿದರೆ ಬಾಗಿಲು ತೆರೆದಿದೆ. ಅಂಚಿನಲ್ಲೂ ನಡುವಿನಲ್ಲೂ ಒಟ್ಟೊಟ್ಟಿಗೆ ನಿಧಾನ ಏರಿದರೆ ತಡೆ ಇರುವುದು ಹೊರಮೈಯಲ್ಲೇ.